ರಿಪೋರ್ಟಿನಲ್ಲಿ ಬಾರದ ನೋವು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



 

ವಿದ್ಯಾಸಂಸ್ಥೆಯ ವೇದಿಕೆಯ ಮೇಲೆ ನಿಂತು ಕೀಲುನೋವಿನ ಬಗ್ಗೆ ಮಾತಾಡುವುದೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರ್ಯದರ್ಶಿಗಳು ನನ್ನ ಮನೆಗೆ ಬಂದು, "ಆಪಾ, ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಕೇಳಿದ್ದರು. ಆ ವಿಷಯದ ಮೇಲೆ ನಾನು ಈ ಊರಿನಲ್ಲಿ ಎಷ್ಟು ಸಲ ಮಾತಾಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಇವತ್ತು ಬೇರೆ ವಿಷಯ ಕೊಡಿ ಎಂದು ನಾನೇ ಬೇಡಿಕೊಂಡೆ. ಕಾರಣ ಇಷ್ಟೇ. ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಕೆಲವರು ಮುಂದೆ ಡಾಕ್ಟರರಾಗುತ್ತೀರಿ, ನರ್ಸ್ ಆಗುತ್ತೀರಿ, ಮೆಡಿಕಲ್ ಶಾಪ್ ಇಡುತ್ತೀರಿ, ಲ್ಯಾಬಿನಲ್ಲಿ ಕೆಲಸ ಮಾಡುತ್ತೀರಿ. ಉಳಿದವರೂ ಒಂದಲ್ಲ ಒಂದು ದಿನ ತಾಯಿಯನ್ನೋ ಅಜ್ಜಿಯನ್ನೋ ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಲೇಬೇಕು. ಅಲ್ಲಿ ಒಳಗೆ ಹೋದ ಮೇಲೆ ಏನು ನಡೆಯುತ್ತದೆ ಎಂಬುದೇ ನನ್ನ ಇವತ್ತಿನ ಮಾತು.

ನನಗೆ ಸಂಧಿವಾತ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಆಗ ನನಗೆ ಮೂವತ್ತೇಳು. ಒಂದು ಮಳೆಗಾಲದಲ್ಲಿ ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳುಗಳು ಮಡಚಿಕೊಳ್ಳುತ್ತಿರಲಿಲ್ಲ. ಹಾಲಿನ ಪಾತ್ರೆ ಎತ್ತಲು ಆಗುತ್ತಿರಲಿಲ್ಲ. ಶಾಲೆಗೆ ಹೋಗಿ ಎರಡನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಸೀಮೆಸುಣ್ಣ ಹಿಡಿಯುವಷ್ಟು ಕೈ ಸಡಿಲವಾಗುತ್ತಿತ್ತು. ಆಮೇಲಿನ ಹದಿನಾಲ್ಕು ತಿಂಗಳಲ್ಲಿ ನಾನು ನಾಲ್ಕು ಜನ ವೈದ್ಯರನ್ನು ಕಂಡೆ. ಒಬ್ಬರು ಕ್ಯಾಲ್ಸಿಯಂ ಮಾತ್ರೆ ಬರೆದು, "ವಯಸ್ಸಾಗ್ತಾ ಬಂತಲ್ಲಮ್ಮ, ಇನ್ನು ಇದೆಲ್ಲ ಇದ್ದದ್ದೇ" ಎಂದರು. ಇನ್ನೊಬ್ಬರು, "ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಸಂಧಿವಾತ? ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಎಂದರು. ಒಂದೇ ವರ್ಷದಲ್ಲಿ ನಾನು ಮುದುಕಿಯೂ ಆದೆ, ಸಂಧಿವಾತ ಬಾರದಷ್ಟು ಚಿಕ್ಕವಳೂ ಆದೆ. ಮೂರನೆಯವರು ರಕ್ತಪರೀಕ್ಷೆ ಮಾಡಿಸಿದರು. ಆರ್.ಎ. ಫ್ಯಾಕ್ಟರ್ ನೆಗೆಟಿವ್ ಬಂತು. ಕಾಗದವನ್ನು ನನ್ನತ್ತ ತಳ್ಳಿ, "ನಿಮಗೆ ಏನೂ ಇಲ್ಲ" ಎಂದರು. ನನ್ನ ಕೈಯನ್ನು ಅವರು ಮುಟ್ಟಿ ನೋಡಲಿಲ್ಲ. ಊದಿದ ಕೈ ಅವರ ಮೇಜಿನ ಮೇಲೆಯೇ ಇತ್ತು.

ನಾಲ್ಕನೆಯವರು ವಯಸ್ಸಿನಲ್ಲಿ ನನ್ನ ಶಿಷ್ಯರಷ್ಟಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ: "ಬೆಳಿಗ್ಗೆ ಎದ್ದ ಮೇಲೆ ಕೈ ನೆಟ್ಟಗಾಗಲು ಎಷ್ಟು ಹೊತ್ತು ಬೇಕು?" ನಾನು ಎರಡು ಗಂಟೆ ಎಂದೆ. ಅವರು ಪೆನ್ನು ಕೆಳಗಿಟ್ಟು, ನನ್ನ ಬೆರಳಿನ ಒಂದೊಂದು ಗಂಟನ್ನೂ ಮೆಲ್ಲಗೆ ಒತ್ತಿ ನೋಡಿದರು. ಚಿಕಿತ್ಸೆ ಅಂದಿನಿಂದ ಶುರುವಾಯಿತು. ಅಷ್ಟರಲ್ಲಿ ಬಲಗೈಯ ಎರಡು ಕೀಲುಗಳು ಸವೆದುಹೋಗಿದ್ದವು. ಅವು ಮತ್ತೆ ಸರಿಯಾಗಲಿಲ್ಲ.

ಈ ಪ್ರಶ್ನೆಯ ಮಹತ್ವ ತಿಳಿಯಬೇಕಾದರೆ ಕಾಯಿಲೆಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಸಂಧಿವಾತ ಎಂಬ ಒಂದೇ ಹೆಸರಿನಿಂದ ನಾವು ಹಲವು ಕಾಯಿಲೆಗಳನ್ನು ಕರೆಯುತ್ತೇವೆ. ಮನೆಮಾತಿನಲ್ಲಿ ಗಠಿಯಾ ಎನ್ನುತ್ತೇವೆ, ಹಳ್ಳಿಯ ಕಡೆ ವಾಯು ಎನ್ನುತ್ತಾರೆ. ವಯಸ್ಸಾದಂತೆ ಮಂಡಿಯ ಕೀಲು ಸವೆದು ಬರುವ ನೋವು ಒಂದು ಬಗೆ. ಅದು ನಡೆದರೆ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ, ಕುಳಿತರೆ ಕಡಿಮೆಯಾಗುತ್ತದೆ. ಬೆಳಗಿನ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಹೋಗುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬುದು ಇನ್ನೊಂದು ಬಗೆ. ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ ಎಂಬ ವೈದ್ಯರು 1859ರಲ್ಲಿ ಅದಕ್ಕೆ ಈ ಹೆಸರು ಕೊಟ್ಟರು. ಇಲ್ಲಿ ಸವೆತ ಮೂಲವಲ್ಲ. ಹೊರಗಿನ ರೋಗಾಣುವಿನ ಜೊತೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನಮ್ಮ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಎರಡೂ ಕೈಯ ಸಣ್ಣ ಕೀಲುಗಳು, ಮಣಿಕಟ್ಟು, ಕಾಲಿನ ಬೆರಳುಗಳ ಬುಡ ಊದಿಕೊಳ್ಳುತ್ತವೆ. ಬೆಳಿಗ್ಗೆ ಗಂಟೆಗಟ್ಟಲೆ ಬಿಗಿತ. ಕೆಲಸ ಮಾಡುತ್ತಾ ಹೋದಂತೆ ಸ್ವಲ್ಪ ಸಡಿಲ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ಇಪ್ಪತ್ತೈದರಲ್ಲೂ ಬರಬಹುದು, ಐವತ್ತರಲ್ಲೂ ಬರಬಹುದು.

ಇನ್ನು ಆ ರಕ್ತಪರೀಕ್ಷೆಯ ವಿಷಯ. ಈ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಆರ್.ಎ. ಫ್ಯಾಕ್ಟರ್ ನೆಗೆಟಿವ್ ಬರುತ್ತದೆ. ಕಾಯಿಲೆಯೇ ಇಲ್ಲದ ಕೆಲವು ವಯಸ್ಸಾದವರಿಗೆ ಪಾಸಿಟಿವ್ ಬರುತ್ತದೆ. ಆಂಟಿ-ಸಿಸಿಪಿ ಎಂಬ ಪರೀಕ್ಷೆ ಇದಕ್ಕಿಂತ ನಂಬಿಕಸ್ಥ, ಆದರೂ ಅದೂ ಎಲ್ಲರಲ್ಲಿ ಪಾಸಿಟಿವ್ ಆಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ಕಾಣುವ ಹೊತ್ತಿಗೆ ಮೂಳೆ ಕೊರೆದಿರುತ್ತದೆ. ಹೀಗಾಗಿ ಮೊದಲ ಒಂದೆರಡು ವರ್ಷಗಳೇ ಚಿಕಿತ್ಸೆಗೆ ಬಹಳ ಮುಖ್ಯವಾದ ಕಾಲ. ಆ ಕಾಲದಲ್ಲಿ ವೈದ್ಯರ ಕೈಯಲ್ಲಿರುವ ದೊಡ್ಡ ಆಧಾರ ಎರಡೇ: ಅವರ ಬೆರಳ ತುದಿ, ರೋಗಿಯ ಬಾಯಿಮಾತು.

ನಮ್ಮ ಕಡೆ ಇನ್ನೊಂದು ತೊಡಕು ಸೇರಿಕೊಂಡಿದೆ. 2006ರಲ್ಲಿ ರಾಜ್ಯದ ತುಂಬಾ ಚಿಕೂನ್‌ಗುನ್ಯಾ ಹಬ್ಬಿದ್ದು ಹಿರಿಯರಿಗೆಲ್ಲ ನೆನಪಿದೆ. ಆ ಒಂದೇ ವರ್ಷ ಕರ್ನಾಟಕದಲ್ಲಿ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಕೀಲುನೋವು ಹೋಯಿತು, ಕೆಲವರಿಗೆ ತಿಂಗಳು, ವರ್ಷಗಟ್ಟಲೆ ಉಳಿಯಿತು. ಅಂದಿನಿಂದ ಯಾರು ಕೀಲುನೋವು ಎಂದರೂ, "ಚಿಕೂನ್‌ಗುನ್ಯಾ ಆಗಿತ್ತಾ? ಹಾಗಾದರೆ ಅದರದ್ದೇ" ಎಂದು ಕಳಿಸಿಬಿಡುವ ರೂಢಿ ಬಂದಿದೆ. ಅದರದ್ದೇ ಇರಬಹುದು. ಆದರೆ ಚಿಕೂನ್‌ಗುನ್ಯಾ ಬಂದುಹೋದವರಿಗೆ ರುಮಟಾಯ್ಡ್ ಬರಬಾರದು ಎಂದು ಎಲ್ಲೂ ಬರೆದಿಲ್ಲ. ಕೀಲಿನ ಊತ ಆರು ವಾರ ಮೀರಿದರೆ ಮತ್ತೆ ನೋಡಲೇಬೇಕು.

"ಏನೂ ಇಲ್ಲ" ಎಂಬ ಆ ಒಂದು ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು ಅನ್ನಿಸುತ್ತದೆ. ಡಾಕ್ಟರರ ಪಾಲಿಗೆ ಅದು ಅಲ್ಲಿಗೇ ಮುಗಿದ ಮಾತು. ಅವರು ಮುಂದಿನ ರೋಗಿಯನ್ನು ಕರೆಯುತ್ತಾರೆ. ಆದರೆ ಆ ಮಾತು ಆಸ್ಪತ್ರೆಯಲ್ಲಿ ಉಳಿಯುವುದಿಲ್ಲ, ನಮ್ಮ ಜೊತೆಯಲ್ಲೇ ಬಸ್ಸು ಹತ್ತಿ ಮನೆಗೆ ಬರುತ್ತದೆ. ಬೆಳಿಗ್ಗೆ ಸೊಸೆ ತಡವಾಗಿ ಎದ್ದರೆ, "ಡಾಕ್ಟರೇ ಏನೂ ಇಲ್ಲ ಅಂದ್ರಲ್ಲ" ಎಂಬ ಮಾತು ಅಡುಗೆಮನೆಯಲ್ಲಿ ಕೇಳುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿಗೆ ಹೋಗಲಾರದ ಹೆಂಗಸಿಗೆ ಸೋಮಾರಿ ಎಂಬ ಹೆಸರು ಬರುತ್ತದೆ. ರೊಟ್ಟಿ ದಪ್ಪವಾಯಿತು ಎಂದು ಗಂಡ ಮುನಿಯುತ್ತಾನೆ. ತಟ್ಟಲು ಕೈ ಬಾರದೆ ದಪ್ಪವಾಗಿದೆ ಎಂದು ಹೇಳಿದರೆ, ರಿಪೋರ್ಟು ಅವಳ ವಿರುದ್ಧ ಸಾಕ್ಷಿ ಹೇಳುತ್ತದೆ. ನಾನು ಸಂಬಳ ತರುವವಳಾಗಿದ್ದೆ, ಎರಡನೆಯ, ಮೂರನೆಯ ವೈದ್ಯರ ಬಳಿ ಹೋಗುವ ಬಸ್‌ಚಾರ್ಜು ನನ್ನ ಕೈಯಲ್ಲಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಆ ಅನುಕೂಲವಿದೆ? ಒಂದು ಸಲ ಏನೂ ಇಲ್ಲ ಎನ್ನಿಸಿಕೊಂಡು ಬಂದವಳು ಎರಡನೆಯ ಸಲ ಕೇಳುವುದೇ ಇಲ್ಲ. ಬೆರಳು ಸೊಟ್ಟಗಾದ ಮೇಲೆ ಮಾತ್ರ ಎಲ್ಲರೂ ನಂಬುತ್ತಾರೆ.

ರೋಗಿಯ ಮಾತಿಗೆ ಕಿವಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಇತಿಹಾಸದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರ ಬಳಿ ಸಂಧಿವಾತದ ರೋಗಿಯೊಬ್ಬರು ಒಂದು ವಿಚಿತ್ರ ಸಂಗತಿ ಹೇಳಿದರು. ತಮಗೆ ಕಾಮಾಲೆ ಆದಾಗ ಕೀಲುನೋವು ಇಳಿದುಹೋಯಿತು ಎಂದರು. ಕಾಕತಾಳೀಯ ಎಂದು ನಕ್ಕು ಕಳಿಸಬಹುದಿತ್ತು. ಹೆಂಚ್ ಅದನ್ನು ಬರೆದಿಟ್ಟುಕೊಂಡರು, ಬೇರೆ ರೋಗಿಗಳನ್ನೂ ಕೇಳಿದರು. ಗರ್ಭಿಣಿಯರಾದಾಗ ನೋವು ಕಡಿಮೆಯಾಗುತ್ತದೆ ಎಂದು ಹೆಂಗಸರು ಹೇಳಿದ್ದನ್ನೂ ಗಮನಿಸಿದರು. ಹಾಗಾದರೆ ದೇಹದಲ್ಲಿಯೇ ಈ ಉರಿಯೂತವನ್ನು ತಣಿಸುವ ಒಂದು ವಸ್ತು ಇರಬೇಕು ಎಂದು ಹುಡುಕುತ್ತಾ ಹೋದರು. ಹತ್ತೊಂಬತ್ತು ವರ್ಷಗಳ ನಂತರ, 1948ರ ಸೆಪ್ಟೆಂಬರಿನಲ್ಲಿ, ನಡೆಯಲಾರದೆ ಮಲಗಿದ್ದ 29 ವರ್ಷದ ಹೆಂಗಸಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತು ಇಬ್ಬರು ಸಂಗಡಿಗರಿಗೆ ನೊಬೆಲ್ ಪ್ರಶಸ್ತಿ ಬಂತು. ಅದರ ಬುಡದಲ್ಲಿ ಇದ್ದದ್ದು ಒಬ್ಬ ರೋಗಿ ಮಾತಿನ ನಡುವೆ ಹೇಳಿದ ಒಂದು ಸಂಗತಿ.

ಇದು ಹೊಸ ವಿದ್ಯೆಯೂ ಅಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಾಗ್ದಾದಿನಲ್ಲಿ, ರಯ್ ನಗರದಲ್ಲಿ ವೈದ್ಯನಾಗಿದ್ದ ಅಲ್-ರಾಝಿ ತನ್ನ ರೋಗಿಗಳ ಸ್ಥಿತಿಯನ್ನು ಬರೆದಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಟಿಪ್ಪಣಿಗಳನ್ನು ಸೇರಿಸಿ ಮಾಡಿದ ಗ್ರಂಥವೇ 'ಅಲ್-ಹಾವಿ'. ನಮ್ಮ ಭಾಷಣಗಳಲ್ಲಿ ರಾಝಿ, ಇಬ್ನ್ ಸೀನಾ ಎಂದು ಹೆಮ್ಮೆಯಿಂದ ಹೆಸರು ಹೇಳುತ್ತೇವೆ. ಅವರು ಏನು ಮಾಡುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ.

ದೂರದ ಮಾತು ಬಿಡೋಣ, ನಮ್ಮದೇ ಜಿಲ್ಲೆಗೆ ಬನ್ನಿ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಸೇರಿದೆ. ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲ ಎಂಬುದು ನನಗೆ ಬೇಸರದ ವಿಷಯ. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ಕೂಲಿಕಾರ ದಲಿತ ಕುಟುಂಬಗಳಲ್ಲಿ ಜನ ಒಬ್ಬರಾದ ಮೇಲೊಬ್ಬರು ಸೊಂಟದ ಕೀಲು ಹಿಡಿದು ಕುಂಟುತ್ತಿರುವುದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಕೆಲವರ ಬೆಳವಣಿಗೆ ಕುಂಠಿತವಾಗಿ ಕುಳ್ಳಗೇ ಉಳಿದಿದ್ದರು. ನೋವು ಹೆಚ್ಚಾದವರು ಕೋಲು ಹಿಡಿದರು, ಕೆಲವರು ತೆವಳುವ ಸ್ಥಿತಿಗೆ ಬಂದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಊರುಗಳಲ್ಲೂ ಇಂಥವರು ಸಿಕ್ಕಿದರು.

ಕಾರಣ ಏನು ಎಂಬುದಕ್ಕೆ ಮೊದಲು ಹುಟ್ಟಿಕೊಂಡ ಉತ್ತರ ಏಡಿ. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಾರೆ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಅವರ ಹೊಟ್ಟೆಗೆ ಹೋಗಿದೆ ಎಂದರು. ಹಸಿರು ಕ್ರಾಂತಿಯ ಕಾಲ, ನಂಬಬಹುದಾದ ಮಾತೇ. ಅದು ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಇವತ್ತಿಗೂ ನಮ್ಮ ಕಡೆ ಹಂದಿಗೋಡು ಎಂದರೆ ಏಡಿಯ ಕಥೆ ಹೇಳುವವರಿದ್ದಾರೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಎಂಬ ವಿಜ್ಞಾನಿಗಳು 1977ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಇದು ಮಲೆನಾಡಿನ 'ಕೌಟುಂಬಿಕ' ಸಂಧಿವಾತ ಎಂಬ ಮಾತಿದೆ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಅಧ್ಯಯನಗಳಲ್ಲಿ ಕುಟುಂಬ ಕುಟುಂಬಗಳ ವಂಶಾವಳಿ ಬರೆದುಕೊಂಡರು. ನಿಮ್ಮ ತಾಯಿಗೆ ಇತ್ತೇ, ಅವರ ತಂದೆಗೆ ಇತ್ತೇ, ಅಣ್ಣತಮ್ಮಂದಿರಲ್ಲಿ ಯಾರಿಗೆ ಇದೆ, ಯಾರಿಗೆ ಇಲ್ಲ? ಎಕ್ಸ್‌ರೇಯಲ್ಲಿ ಮೂಳೆಯ ಆಕಾರ ಕೆಟ್ಟಿರುವುದು ಕಂಡಿತು. ಕಾರಣ ಹೊಳೆದದ್ದು ಈ ಪ್ರಶ್ನೆಗಳಿಂದ. ಇದು ಆನುವಂಶಿಕ ಕಾಯಿಲೆ. ತಂದೆ ತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ದಕ್ಷಿಣ ಆಫ್ರಿಕಾದ ಜುಲುಲ್ಯಾಂಡಿನ ಮ್ಸೆಲೆನಿ ಎಂಬಲ್ಲಿಯೂ ಇದನ್ನು ಹೋಲುವ ಕೀಲುರೋಗವಿದೆ. 1997ರಲ್ಲಿ ವಿಜ್ಞಾನಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೆ.

ಹೆಸರು ಸಿಕ್ಕಿದ್ದರಿಂದ ನೋವು ಹೋಗಲಿಲ್ಲ. ಈ ಕಾಯಿಲೆಯನ್ನು ಬುಡದಿಂದ ಕೀಳುವ ಔಷಧವಿಲ್ಲ. ನೋವು ಕಡಿಮೆ ಮಾಡಬಹುದು, ತೀರಾ ಹಾಳಾದ ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದು, ಅಷ್ಟೇ. ತಂಡಗಳು ಬರುತ್ತವೆ, ರಕ್ತ ತೆಗೆದುಕೊಂಡು ಹೋಗುತ್ತವೆ, ನಮಗೇನೂ ಆಗುವುದಿಲ್ಲ ಎಂಬ ದೂರು ಆ ಊರುಗಳಿಂದ ಮತ್ತೆ ಮತ್ತೆ ಕೇಳಿಬಂದಿದೆ. ಆ ದೂರು ನ್ಯಾಯವಾದದ್ದು. ಹಾಗಿದ್ದರೂ ಹೆಸರಿನಿಂದ ಒಂದು ಉಪಯೋಗವಾಯಿತು. ಚಿಕಿತ್ಸೆ ಕೊಡಿ, ನೆರವು ಕೊಡಿ ಎಂದು ಸರ್ಕಾರದ ಮುಂದೆ, ರಾಜ್ಯ ಹೈಕೋರ್ಟಿನ ಮುಂದೆ ಕೇಳುವುದಕ್ಕೆ ಒಂದು ಆಧಾರ ಸಿಕ್ಕಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಚಲನವೈಕಲ್ಯವೂ ಕುಬ್ಜತೆಯೂ ಅದರಲ್ಲಿವೆ. ವೈದ್ಯರ ಬರವಣಿಗೆಯಲ್ಲಿ "ಏನೂ ಇಲ್ಲ" ಎಂದಿರುವವರಿಗೆ ಯಾವ ಕಾಯಿದೆಯೂ ಬಾಗಿಲು ತೆರೆಯುವುದಿಲ್ಲ.

ನಾನು ಡಾಕ್ಟರುಗಳನ್ನು ದೂರಲಿಕ್ಕೆ ಇಲ್ಲಿ ನಿಂತಿಲ್ಲ. ಸೋಮವಾರ ಬೆಳಿಗ್ಗೆ ಯಾವುದೇ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ನೋಡಿ, ಆ ಕುರ್ಚಿಯಲ್ಲಿ ಕುಳಿತವರ ಮೇಲೆ ಕನಿಕರ ಹುಟ್ಟುತ್ತದೆ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಸ್ವೀಡನ್ನಿನಲ್ಲಿ ವೈದ್ಯರು ಒಬ್ಬ ರೋಗಿಗೆ ಸರಾಸರಿ 22.5 ನಿಮಿಷ ಕೊಡುತ್ತಾರೆ. ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಎರಡು ನಿಮಿಷದಲ್ಲಿ ಏನು ಕೇಳಲು ಸಾಧ್ಯ ಎಂದು ಯಾವ ಡಾಕ್ಟರಾದರೂ ಕೇಳಿಯಾರು. ಅದಕ್ಕೂ ಒಂದು ಉತ್ತರವಿದೆ. 1984ರಲ್ಲಿ ಅಮೆರಿಕದಲ್ಲಿ ಅಳತೆ ಮಾಡಿದಾಗ ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಬಾಯಿ ಹಾಕುತ್ತಿದ್ದರು. ಹಾಗೆ ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡಿಯಾನು? ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವೈದ್ಯರು ಗಡಿಯಾರ ಇಟ್ಟುಕೊಂಡು ನೋಡಿ 2002ರಲ್ಲಿ ಬರೆದರು: ಸರಾಸರಿ 92 ಸೆಕೆಂಡು. ಒಂದೂವರೆ ನಿಮಿಷ! ನಾವು ಪುರಾಣ ಹೇಳುತ್ತೇವೆ ಎಂದು ಡಾಕ್ಟರುಗಳಿಗೆ ಇರುವ ಭಯ ಅಷ್ಟೊಂದು ನಿಜವಲ್ಲ.

ಆ ಒಂದೂವರೆ ನಿಮಿಷದಲ್ಲಿ ಏನು ಹೇಳಬೇಕು ಎಂಬುದು ನಮ್ಮ ಪಾಲಿನ ಕೆಲಸ. ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ನಮ್ಮ ಮನೆಯ ಹೆಂಗಸರಲ್ಲಿ ಬಹಳ ಜನಕ್ಕೆ ಮನೆಮಾತು ಉರ್ದು. ಡಾಕ್ಟರರ ಮುಂದೆ ಕನ್ನಡದಲ್ಲಿ ಹೇಳಬೇಕು, ಡಾಕ್ಟರರು ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಮನೆಯಲ್ಲಿ ನಾವು ದರ್ದ್ ಬೇರೆ, ಅಕಡ್‌ನಾ ಬೇರೆ ಎಂದು ಸ್ಪಷ್ಟವಾಗಿ ಹೇಳುತ್ತೇವೆ. ಆಸ್ಪತ್ರೆಗೆ ಹೋದ ಕೂಡಲೇ ಎರಡೂ "ನೋವು" ಆಗಿಬಿಡುತ್ತವೆ. ಬೆಳಗಿನ ಬಿಗಿತ ಎಂಬ ಮಾತು ಬಾಯಿಗೆ ಬರುವುದಿಲ್ಲ. ಕಾಯಿಲೆಯನ್ನು ಗುರುತಿಸುವ ಮುಖ್ಯ ಲಕ್ಷಣ ಅಲ್ಲಿಯೇ ಕಳೆದುಹೋಗುತ್ತದೆ. ಕೆಲವು ಸಲ ಆಕೆಗೆ ಮಾತಾಡುವ ಅವಕಾಶವೇ ಇರುವುದಿಲ್ಲ. ಡಾಕ್ಟರರು ಪಕ್ಕದಲ್ಲಿ ನಿಂತ ಮಗನನ್ನು ಕೇಳುತ್ತಾರೆ, ಮಗ "ಕೈಕಾಲು ನೋವು ಸಾರ್" ಎನ್ನುತ್ತಾನೆ. ಮುಗಿಯಿತು. ಮಗನಿಗೆ ಏನು ಗೊತ್ತು? ಬೆಳಗಿನ ಜಾವ ವುಝೂ ಮಾಡುವಾಗ ತಾಯಿಗೆ ನಲ್ಲಿ ತಿರುಗಿಸಲು ಆಗುತ್ತದೋ ಇಲ್ಲವೋ ಅವನು ನೋಡಿಲ್ಲ. ಹುಡುಗರೇ, ತಾಯಿಯ ಜೊತೆ ಹೋಗಿ, ಬಸ್ಸಿನಲ್ಲಿ ಸೀಟು ಹಿಡಿಯಿರಿ, ಚೀಟಿ ಮಾಡಿಸಿ, ಔಷಧ ತನ್ನಿ. ಡಾಕ್ಟರರು ಪ್ರಶ್ನೆ ಕೇಳಿದಾಗ ಮಾತ್ರ ಬಾಯಿ ಮುಚ್ಚಿಕೊಂಡಿರಿ. ಭಾಷೆ ಬಾರದಿದ್ದರೆ ಆಕೆ ಹೇಳಿದ್ದನ್ನು ಹೇಳಿದಂತೆಯೇ ಹೇಳಿ.

ಹೊರಡುವ ಮುಂಚೆ ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಉತ್ತಮ. ನೋವು ವಿಪರೀತ, ತಡೆಯಲಾಗದು ಎಂದು ಬರೆದರೆ ಪ್ರಯೋಜನವಿಲ್ಲ, ಎಲ್ಲರೂ ಹಾಗೆಯೇ ಹೇಳುತ್ತಾರೆ. ಯಾವ ಕೆಲಸ ನಿಂತಿತು ಎಂದು ಬರೆಯಿರಿ. ರೊಟ್ಟಿ ತಟ್ಟಲಾಗುವುದಿಲ್ಲ, ಬಟ್ಟೆ ಹಿಂಡಲಾಗುವುದಿಲ್ಲ, ಸಜ್ದಾದಿಂದ ಏಳುವಾಗ ಗೋಡೆ ಹಿಡಿಯಬೇಕು, ಗುಂಡಿ ಹಾಕಿಕೊಳ್ಳಲು ಮಗಳು ಬೇಕು. ಯಾವ ತಿಂಗಳಲ್ಲಿ ಶುರುವಾಯಿತು, ಎಷ್ಟು ಹೊತ್ತು ಬಿಗಿ, ಯಾವ ಯಾವ ಕೀಲು ಊದುತ್ತದೆ, ಮನೆತನದಲ್ಲಿ ಬೇರೆ ಯಾರಿಗೆ ಇತ್ತು, ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ. ಇಷ್ಟಕ್ಕೆ ಅರ್ಧ ಹಾಳೆ ಸಾಕು. ಇನ್ನೊಂದು ಉಪಾಯ ನನ್ನ ಮೊಮ್ಮಗಳು ಹೇಳಿಕೊಟ್ಟದ್ದು. ಊತ ಬೆಳಿಗ್ಗೆ ಹೆಚ್ಚು, ಬಸ್ಸು ಹಿಡಿದು ಶಿವಮೊಗ್ಗ ಸೇರುವ ಹೊತ್ತಿಗೆ ಅರ್ಧ ಇಳಿದಿರುತ್ತದೆ. ಎದ್ದ ಕೂಡಲೇ ಮೊಬೈಲಿನಲ್ಲಿ ಕೈಯ ಫೋಟೋ ತೆಗೆದಿಟ್ಟುಕೊಳ್ಳಿ, ತೋರಿಸಿ. ಏನೂ ಇಲ್ಲ ಎಂದರೆ ಜಗಳವಾಡಬೇಡಿ. "ಸಾರ್, ಹಾಗಾದರೆ ಈ ಊತ ಯಾವುದರಿಂದ? ಕೈ ಒಂದು ಸಲ ಮುಟ್ಟಿ ನೋಡ್ತೀರಾ?" ಎಂದು ಮೆಲ್ಲಗೆ ಕೇಳಿ. ಸಂಧಿವಾತಕ್ಕೇ ತರಬೇತಿ ಪಡೆದ ರುಮಟಾಲಜಿಸ್ಟ್ ಎಂಬ ತಜ್ಞರಿದ್ದಾರೆ, ಎಲುಬಿನ ಡಾಕ್ಟರೇ ಬೇರೆ, ಇವರೇ ಬೇರೆ. ಹೆಚ್ಚಿನವರು ದೊಡ್ಡ ನಗರಗಳಲ್ಲಿ ಇದ್ದಾರೆ. ಅವರ ಬಳಿಗೆ ಬರೆದುಕೊಡಿ ಎಂದು ಕೇಳುವುದು ಅಗೌರವವಲ್ಲ.

ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ನಮ್ಮ ಊರುಗಳಲ್ಲಿ ಕಣ್ಣಿನ ಶಿಬಿರ ಆಗುತ್ತದೆ, ಸಕ್ಕರೆ ಕಾಯಿಲೆಯ ಶಿಬಿರ ಆಗುತ್ತದೆ, ಕೀಲುನೋವಿಗೆ ಒಂದು ಶಿಬಿರ ಏಕಿಲ್ಲ? ತಜ್ಞರನ್ನು ವರ್ಷಕ್ಕೆ ಒಂದು ದಿನ ಕರೆಸಬಹುದು. ಅದಕ್ಕೆ ಮುಂಚೆ ಪಿ.ಯು.ಸಿ. ಓದುವ ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ, ಹೆಂಗಸರ ಜೊತೆ ಅವರದೇ ಮಾತಿನಲ್ಲಿ ಕುಳಿತು, ಆ ಅರ್ಧ ಹಾಳೆಯನ್ನು ತುಂಬಿಸಿಕೊಂಡು ಬರಲಿ. ಡಾಕ್ಟರರ ಸಮಯವೂ ಉಳಿಯುತ್ತದೆ, ಮಕ್ಕಳಿಗೂ ಓದಿದ್ದು ಉಪಯೋಗಕ್ಕೆ ಬರುತ್ತದೆ. ಪಕ್ಕದ ಬಳ್ಳಿಗಾವಿಗೆ ನೀವೆಲ್ಲ ಶಾಲೆಯ ಪ್ರವಾಸದಲ್ಲಿ ಹೋಗಿದ್ದೀರಿ. ಅಲ್ಲಿಯ ಕೋಡಿಯಮಠದ 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ಪಾಠಪ್ರವಚನದ ಜೊತೆಗೆ ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಊಟ, ಅನಾಥ ರೋಗಿಗಳಿಗೆ ಚಿಕಿತ್ಸೆ. ವಿದ್ಯೆಯ ಸ್ಥಳದಲ್ಲಿ ರೋಗಿಗೂ ಜಾಗವಿತ್ತು. ನಾನು ಕೇಳುತ್ತಿರುವುದು ನಮ್ಮ ಸೀಮೆಗೆ ಹೊಸದಲ್ಲ.

ಇನ್ನು ಔಷಧದ ವಿಚಾರ ಎರಡು ಮಾತು. ಡಾಕ್ಟರರು ಕೇಳದೆ ಕಳಿಸಿದಾಗ ಜನ ಕೇಳುವವರ ಬಳಿಗೆ ಹೋಗುತ್ತಾರೆ. ಸಂತೆಯ ಪಕ್ಕದಲ್ಲಿ ಪುಡಿ ಕಟ್ಟಿಕೊಡುವವನು ಸಮಾಧಾನವಾಗಿ ಕೂರಿಸಿಕೊಂಡು ಎಲ್ಲವನ್ನೂ ಕೇಳುತ್ತಾನೆ, ಅದೇ ಅವನ ಬಂಡವಾಳ. ಎರಡು ದಿನದಲ್ಲಿ ನೋವು ಮಾಯ ಎಂದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಹೆಂಚ್ ಅವರ ಕಾರ್ಟಿಸೋನಿನ ಜಾತಿಯದೇ ಅದು. ಹೆಚ್ಚು ದಿನ ಕೊಟ್ಟರೆ ಮುಖ ಊದಿಕೊಂಡು, ಸಕ್ಕರೆ ಏರಿ, ಮೂಳೆ ಟೊಳ್ಳಾಗುತ್ತದೆ ಎಂಬುದು ಅವರ ಕಾಲದಲ್ಲೇ ಗೊತ್ತಾಗಿತ್ತು. ವೈದ್ಯರು ಲೆಕ್ಕ ಹಾಕಿ ಸ್ವಲ್ಪ ಕಾಲ ಕೊಡುವುದು ಬೇರೆ, ಲೆಕ್ಕವಿಲ್ಲದೆ ಪುಡಿ ನುಂಗುವುದು ಬೇರೆ. ವರ್ಷಗಳಿಂದ ನುಂಗುತ್ತಿರುವವರು ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಡಾಕ್ಟರರಿಗೆ ತೋರಿಸಿಯೇ ಬಿಡಬೇಕು. ಬರಿಯ ನೋವಿನ ಮಾತ್ರೆಗಳು ನೋವನ್ನು ಅಡಗಿಸುತ್ತವೆಯೇ ಹೊರತು ಕೀಲಿನ ನಾಶವನ್ನು ತಡೆಯುವುದಿಲ್ಲ. ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕೇಡು.

ನಾಶವನ್ನು ತಡೆಯುವ ಔಷಧಗಳಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಹಳೆಯ ಔಷಧ, ದುಬಾರಿಯೂ ಅಲ್ಲ. ಇದನ್ನು ತೆಗೆದುಕೊಳ್ಳುವವರು ಆಗಾಗ ರಕ್ತ ಮತ್ತು ಪಿತ್ತಜನಕಾಂಗದ ಪರೀಕ್ಷೆ ಮಾಡಿಸುತ್ತಿರಬೇಕು. ಗರ್ಭಿಣಿಯರು ತೆಗೆದುಕೊಳ್ಳಬಾರದು, ಮಗು ಬೇಕೆನ್ನುವವರು ಮೊದಲೇ ಡಾಕ್ಟರರಿಗೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೆಡಿಕಲ್ ಶಾಪ್ ಇಡುವ ಹುಡುಗರು ಕೇಳಿಸಿಕೊಳ್ಳಿ. ಸಂಧಿವಾತಕ್ಕೆ ಈ ಮಾತ್ರೆ ವಾರದಲ್ಲಿ ಒಂದೇ ದಿನ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಲು ಬಾರದೆ ದಿನಾ ನುಂಗಿ ಪ್ರಾಣ ಕಳೆದುಕೊಂಡವರು ಲೋಕದಲ್ಲಿ ಇದ್ದಾರೆ. ಮಾತ್ರೆ ಕೊಡುವಾಗ ಕವರಿನ ಮೇಲೆ ವಾರದ ಹೆಸರು ಬರೆದುಕೊಡಿ. ಬಾಯಲ್ಲೂ ಹೇಳಿ, ಅವರಿಂದ ತಿರುಗಿ ಹೇಳಿಸಿ. ನನ್ನ ಡಬ್ಬಿಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ "ಶನಿವಾರ ಮಾತ್ರ" ಎಂದು ಬರೆದು ಅಂಟಿಸಿದ್ದೇನೆ. ಕನ್ನಡಕ ಸಿಗದ ದಿನವೂ ಓದಲು ಬರುವಷ್ಟು ದೊಡ್ಡ ಅಕ್ಷರ.